17 ಪಂದ್ಯಗಳಿಂದ ಒಬ್ಬ ಡಿಫೆನ್ಸ್‌ಮನ್‌ನನ್ನು ಅಳೆಯಬಹುದೇ? ಮ್ಯಾಥ್ಯೂ ಶೇಫರ್ ಮತ್ತು ಎನ್‌ಎಚ್‌ಎಲ್ ಡ್ರಾಫ್ಟ್

ನೀಲಿಗೆರೆ (ಮಿಸ್ಸಿಸಾಗ):

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯ ಮಾತು ಬಂದಾಗಲೆಲ್ಲ ನಮ್ಮ ನಡುವೆ ಏಳುವ ಪ್ರಶ್ನೆ ಒಂದೇ: ಹುಡುಗ ಸಿದ್ಧನಾಗಿದ್ದಾನೆಯೇ? ರಕ್ಷಣಾ ಆಟಗಾರರ ಮಟ್ಟಿಗೆ ಈ ಪ್ರಶ್ನೆಯನ್ನು ಎರಡಾಗಿ ಬಿಡಿಸಿಕೊಳ್ಳದೆ ಉತ್ತರ ಹುಡುಕಲು ಹೊರಟರೆ ದಾರಿ ತಪ್ಪುತ್ತೇವೆ ಎಂಬುದು ನನ್ನ ಅಭಿಪ್ರಾಯ. ಮೊದಲನೆಯದು, ಇವನನ್ನು ಇಂತಿಷ್ಟನೇ ಸ್ಥಾನದಲ್ಲಿ ಆರಿಸುವಷ್ಟು ನಾವು ಇವನ ಬಗ್ಗೆ ತಿಳಿದುಕೊಂಡಿದ್ದೇವೆಯೇ ಎಂಬುದು. ಎರಡನೆಯದು, ಬರುವ ಅಕ್ಟೋಬರ್‌ನಲ್ಲಿಯೇ ಇವನು ಬಲಿತ ಮೈಯ, ಹತ್ತು ವರ್ಷ ಅನುಭವವಿರುವ ಆಟಗಾರರ ಎದುರು ನಿಲ್ಲಬಲ್ಲನೇ ಎಂಬುದು. ಫಾರ್ವರ್ಡ್ ಆಟಗಾರನಾದರೆ ತರಬೇತುದಾರರು ಅವನನ್ನು ನಾಲ್ಕನೇ ಸಾಲಿನಲ್ಲಿಟ್ಟು, ಪಂದ್ಯಕ್ಕೆ ಒಂಬತ್ತು ಹತ್ತು ನಿಮಿಷ ಮಾತ್ರ ಆಡಿಸಿ, ನಿಧಾನವಾಗಿ ಪಳಗಿಸಬಹುದು. ಆದರೆ ಒಂದು ಪಂದ್ಯಕ್ಕೆ ಇಳಿಯುವ ಡಿಫೆನ್ಸ್‌ಮನ್‌ಗಳು ಸಾಮಾನ್ಯವಾಗಿ ಆರೇ ಮಂದಿ. ಆರನೆಯವನನ್ನೂ ಬಚ್ಚಿಡಲು ಜಾಗವಿಲ್ಲ, ಅವನ ತಪ್ಪು ನೇರವಾಗಿ ಸ್ವಂತ ಗೋಲು ಪೆಟ್ಟಿಗೆಯ ಮುಂದೆ ಹೋಗಿ ನಿಲ್ಲುತ್ತದೆ.

ಈ ಎರಡು ಪ್ರಶ್ನೆಗಳನ್ನು ಪರೀಕ್ಷಿಸಲು ಮ್ಯಾಥ್ಯೂ ಶೇಫರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಹ್ಯಾಮಿಲ್ಟನ್‌ನ ಈ ಹುಡುಗನನ್ನು 2023ರಲ್ಲಿ ಕೆನಡಾದ ಜೂನಿಯರ್ ಲೀಗ್‌ಗಳಲ್ಲಿ ಒಂದಾದ ಒಂಟಾರಿಯೊ ಹಾಕಿ ಲೀಗ್‌ನ ಆಯ್ಕೆಯಲ್ಲಿ ಈರಿ ಆಟರ್ಸ್ ತಂಡ ಮೊದಲ ಸ್ಥಾನದಲ್ಲಿಯೇ ತೆಗೆದುಕೊಂಡಿತು. 2024ರ ಬೇಸಿಗೆಯಲ್ಲಿ ಹ್ಲಿಂಕಾ ಗ್ರೆಟ್ಸ್ಕಿ ಕಪ್‌ನಲ್ಲಿ ಕೆನಡಾದ ನಾಯಕನಾಗಿ ಅವನು ಚಿನ್ನ ಗೆದ್ದ. ಮುಂದಿನ ಋತುವಿನ ಆರಂಭವನ್ನು ಗ್ರಂಥಿಜ್ವರ ತಿಂದುಹಾಕಿತು. ಚೇತರಿಸಿಕೊಂಡು ಬಂದವನು ಡಿಸೆಂಬರ್ 27ರಂದು ಒಟ್ಟಾವದಲ್ಲಿ, ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಲಾಟ್ವಿಯಾ ಪಂದ್ಯದಲ್ಲಿ, ಗೋಲು ಕಂಬಕ್ಕೆ ಅಪ್ಪಳಿಸಿ ಕೊರಳೆಲುಬು ಮುರಿದುಕೊಂಡ. ಋತು ಅಲ್ಲಿಗೆ ಮುಗಿಯಿತು. ಒಂಟಾರಿಯೊ ಲೀಗ್‌ನಲ್ಲಿ ಆ ವರ್ಷ ಅವನ ಲೆಕ್ಕಕ್ಕೆ ಉಳಿದದ್ದು 17 ಪಂದ್ಯ, 7 ಗೋಲು, 15 ನೆರವು. ಇಷ್ಟರ ಮೇಲೆಯೇ 2025ರ ಜೂನ್ 27ರಂದು ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಅವನ ಹೆಸರನ್ನು ಕರೆಯಿತು.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಅವನು ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. 2025ರ ಡ್ರಾಫ್ಟ್‌ಗೆ ಸೇರಲು 2007ರ ಸೆಪ್ಟೆಂಬರ್ 15ರೊಳಗೆ ಹುಟ್ಟಿರಬೇಕಿತ್ತು. ಹನ್ನೊಂದು ದಿನ ತಡವಾಗಿ ಹುಟ್ಟಿದ್ದರೆ ಅವನು 2026ರವರೆಗೆ ಕಾಯಬೇಕಾಗಿತ್ತು. ಎನ್‌ಎಚ್‌ಎಲ್ ತಾರೆ ಆಸ್ಟನ್ ಮ್ಯಾಥ್ಯೂಸ್ 1997ರ ಸೆಪ್ಟೆಂಬರ್ 17ರಂದು ಹುಟ್ಟಿ ಎರಡೇ ದಿನಗಳಲ್ಲಿ 2015ರ ಡ್ರಾಫ್ಟ್ ತಪ್ಪಿಸಿಕೊಂಡು, ಒಂದು ವರ್ಷ ಹೆಚ್ಚು ಬಲಿತು 2016ರಲ್ಲಿ ಬಂದದ್ದನ್ನು ನೆನಪಿಸಿಕೊಳ್ಳಿ. ಹಾಗಾದರೆ ಓಟದ ಸಾಲಿನಲ್ಲಿ ಬಹುತೇಕ ಎಲ್ಲರಿಗಿಂತ ಕಿರಿಯನಾದ, 17 ಪಂದ್ಯ ಮಾತ್ರ ಆಡಿದ ರಕ್ಷಣಾ ಆಟಗಾರನಲ್ಲಿ ತಂಡಗಳಿಗಾಗಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಕಂಡದ್ದೇನು, ಅದು ಸಾಕಾಗಿತ್ತೇ?

ಅಂಕಿಅಂಶ (ವಾಟರ್ಲೂ):

ಸಾಕಾಗಿರಲಿಲ್ಲ ಎಂದೇ ನಾನು ವಾದಿಸುತ್ತೇನೆ. ಶೇಫರ್ ಒಳ್ಳೆಯ ಆಟಗಾರನಲ್ಲ ಎಂಬುದು ನನ್ನ ಮಾತಲ್ಲ. ನಿರ್ಧಾರ ಸರಿಯಾಗಿತ್ತೇ ಎಂಬುದನ್ನು ಫಲಿತಾಂಶದಿಂದ ಹಿಂದಕ್ಕೆ ಎಣಿಸಬಾರದು ಎಂಬುದಷ್ಟೇ ನನ್ನ ಮಾತು.

2012ರ ಡ್ರಾಫ್ಟ್ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಮೊದಲ ಹತ್ತು ಮಂದಿಯಲ್ಲಿ ಎಂಟು ಮಂದಿ ಡಿಫೆನ್ಸ್‌ಮನ್‌ಗಳು. ಇದೇ ಐಲ್ಯಾಂಡರ್ಸ್ ತಂಡ ನಾಲ್ಕನೇ ಸ್ಥಾನದಲ್ಲಿ ಗ್ರಿಫಿನ್ ರೈನ್‌ಹಾರ್ಟ್‌ನನ್ನು ಆರಿಸಿತು. ಎತ್ತರದ ಆಳು, ಗೆಲ್ಲುವ ತಂಡದ ಆಧಾರಸ್ತಂಭ, ಎಡ್ಮಂಟನ್ ಆಯಿಲ್ ಕಿಂಗ್ಸ್ ಎಂಬ ಜೂನಿಯರ್ ತಂಡದ ಪರವಾಗಿ ಪೂರ್ಣ ಋತುಗಳನ್ನೇ ಆಡಿದವನು. ಅವನ ವಿಷಯದಲ್ಲಿ ನೋಡಲು ಪಂದ್ಯಗಳ ಕೊರತೆ ಇರಲಿಲ್ಲ. ಆದರೂ ಅವನ ಎನ್‌ಎಚ್‌ಎಲ್ ಜೀವನ 37 ಪಂದ್ಯಗಳಿಗೆ ಮುಗಿಯಿತು. ಅವನ ನಂತರದ ಸಾಲಿನಲ್ಲಿಯೇ ಐದನೆಯವನಾಗಿ ಮಾರ್ಗನ್ ರೈಲಿ, ಆರನೆಯವನಾಗಿ ಹ್ಯಾಂಪಸ್ ಲಿಂಡ್‌ಹೋಮ್, ಒಂಬತ್ತನೆಯವನಾಗಿ ಜೇಕಬ್ ಟ್ರೂಬಾ ಇದ್ದರು. ಪೂರ್ಣ ಋತುಗಳನ್ನು ನೋಡಿಯೂ ಇಷ್ಟು ತಪ್ಪಬಹುದಾದರೆ 17 ಪಂದ್ಯ ನೋಡಿ ನಿಶ್ಚಿಂತರಾಗುವುದು ಹೇಗೆ?

ಇನ್ನೂ ಹಿಂದಕ್ಕೆ ಹೋಗೋಣ. ನಿಕ್ಲಾಸ್ ಲಿಡ್‌ಸ್ಟ್ರೋಮ್ 1989ರಲ್ಲಿ 53ನೆಯವನಾಗಿ, ಡಂಕನ್ ಕೀತ್ 2002ರಲ್ಲಿ 54ನೆಯವನಾಗಿ, ಆಡಮ್ ಫಾಕ್ಸ್ 2016ರಲ್ಲಿ 66ನೆಯವನಾಗಿ ಆಯ್ಕೆಯಾದರು. ಮಾರ್ಕ್ ಜಿಯೋರ್ಡಾನೊನನ್ನು ಯಾರೂ ಆರಿಸಲೇ ಇಲ್ಲ. ಈ ನಾಲ್ವರೂ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಪ್ರಶಸ್ತಿ ಪಡೆದವರು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ರಕ್ಷಣಾ ಆಟಗಾರನ ಮೇಲೆ ನಾವು ಬರೆಯುವ ತೀರ್ಪಿಗೆ ಎಷ್ಟು ಬೆಲೆ ಕೊಡಬೇಕು ಎಂದು ನಿರ್ಧರಿಸಲು ಈ ಪಟ್ಟಿಯೊಂದೇ ಸಾಕು ಎನಿಸುತ್ತದೆ.

ವಿರಾಜಪೇಟೆ ಬ್ಯಾಕ್ (ಕೊಡಗು):

ನಾನು ಹುಲ್ಲಿನ ಮೇಲೆ ಹಾಕಿ ಆಡಿದವನು, ಕೊಡವ ಕುಟುಂಬಗಳ ಪಂದ್ಯಾವಳಿಯಲ್ಲಿ ವರ್ಷಗಟ್ಟಲೆ ಫುಲ್‌ಬ್ಯಾಕ್ ಆಗಿ ನಿಂತವನು. ಮಗಳು ಒಂಟಾರಿಯೊದಲ್ಲಿರುವುದರಿಂದ ಈಚೆಗೆ ಐಸ್ ಹಾಕಿ ನೋಡುವ ಅಭ್ಯಾಸವಾಗಿದೆ. ತಿಳಿದವರು ದಯವಿಟ್ಟು ಒಂದು ಸಂದೇಹ ಪರಿಹರಿಸಬೇಕು. ನಮ್ಮಲ್ಲಿ ಆಫ್‌ಸೈಡ್ ನಿಯಮವನ್ನು 1998ರಲ್ಲಿಯೇ ಕೈಬಿಟ್ಟರು. ಅಂದಿನಿಂದ ಬ್ಯಾಕ್ ಆದವನು ಎದುರಾಳಿ ಫಾರ್ವರ್ಡ್ ಎಲ್ಲಿ ಅಡಗಿ ನಿಂತಿದ್ದಾನೆ ಎಂದು ಬೆನ್ನ ಹಿಂದೆಯೂ ಕಣ್ಣಿಟ್ಟಿರಬೇಕು. ಇಲ್ಲಿ ರಕ್ಷಣಾ ವಲಯದ ಅಂಚಿಗೆ ನೀಲಿ ಗೆರೆ ಇದೆ, ಚೆಂಡಿನ ಬದಲು ಬಳಸುವ ಬಿಲ್ಲೆಯಾದ ಪಕ್‌ಗಿಂತ ಮೊದಲು ಎದುರಾಳಿಗಳು ಅದನ್ನು ದಾಟುವಂತಿಲ್ಲ, ಆದ್ದರಿಂದ ಡಿಫೆನ್ಸ್‌ಮನ್‌ನ ಕೆಲಸ ಸ್ವಲ್ಪ ಸುಲಭವಿರಬೇಕು ಎಂದುಕೊಂಡಿದ್ದೆ. ಆದರೆ ನೋಡುತ್ತ ಹೋದಂತೆ ಅವರು ತಪ್ಪುವುದೆಲ್ಲ ನಾನು ನಿರೀಕ್ಷಿಸದ ಜಾಗದಲ್ಲಿ, ಗೋಲು ಪೆಟ್ಟಿಗೆಯ ಹಿಂದಿನ ಮೂಲೆಗಳಲ್ಲಿ. ನಮ್ಮ ಮೈದಾನದಲ್ಲಿ ಗೋಲಿನ ಹಿಂದೆ ಆಟವೇ ಇಲ್ಲವಲ್ಲ. ಈ ಮೂಲೆಯ ಕೆಲಸವನ್ನು ನೀವು ಹೇಗೆ ಅಳೆಯುತ್ತೀರಿ?

ಮಕ್ಕಳ ತರಬೇತುದಾರ (ಬ್ರಾಂಪ್ಟನ್):

ತಾವು ಕೇಳಿದ ಪ್ರಶ್ನೆಯಲ್ಲಿಯೇ ಈ ಇಡೀ ಚರ್ಚೆಯ ಉತ್ತರವಿದೆ ಸರ್. ಹನ್ನೆರಡು ಹದಿಮೂರರ ಮಕ್ಕಳಿಗೆ ಕಲಿಸುವಾಗ ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೇ.

ಎದುರಾಳಿಗಳು ನೀಲಿ ಗೆರೆಯನ್ನು ಪಕ್ ಹಿಡಿದುಕೊಂಡು ದಾಟಲಾಗದಿದ್ದರೆ ಅದನ್ನು ಮೂಲೆಗೆ ಹೊಡೆದು ಹಿಂದೆ ಬೆನ್ನಟ್ಟುತ್ತಾರೆ. ಡಿಫೆನ್ಸ್‌ಮನ್ ತಿರುಗಿ, ಆಟಕ್ಕೆ ಬೆನ್ನು ಮಾಡಿ, ಗೋಡೆಯತ್ತ ಓಡಬೇಕು. ಬೆನ್ನ ಹಿಂದೆ ತೊಂಬತ್ತು ಕಿಲೋ ತೂಕದವನೊಬ್ಬ ವೇಗವಾಗಿ ಬರುತ್ತಿರುತ್ತಾನೆ. ಪಕ್ ಮುಟ್ಟುವ ಮೊದಲು ಹುಡುಗ ಎಷ್ಟು ಸಲ ಭುಜದ ಮೇಲಿಂದ ಹಿಂದಿರುಗಿ ನೋಡಿದ ಎಂದು ನಾನು ಎಣಿಸುತ್ತೇನೆ. ಒಮ್ಮೆಯೂ ನೋಡದವನು ಪಕ್ ಸಿಕ್ಕ ಮೇಲೆ ಯೋಚಿಸಲು ತೊಡಗುತ್ತಾನೆ, ಅಷ್ಟರಲ್ಲಿ ಗೋಡೆಗೆ ಒರಗಿರುತ್ತಾನೆ. ಒಮ್ಮೆ ನೋಡಿದವನಿಗೆ ಒತ್ತಡ ಯಾವ ಬದಿಯಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ. ಎರಡನೆಯ ಸಲವೂ ನೋಡಿದವನಿಗೆ ತನ್ನ ಜೊತೆಗಾರ ಎಲ್ಲಿದ್ದಾನೆ, ನಡುವಿನಲ್ಲಿ ಸೆಂಟರ್ ಆಟಗಾರ ಇಳಿದು ಬಂದಿದ್ದಾನೆಯೇ ಎಂಬುದೂ ತಿಳಿದಿರುತ್ತದೆ. ಒಂದು ಕಡೆ ಹೋಗುವಂತೆ ಭುಜ ಬಾಗಿಸಿ, ಬೆನ್ನಟ್ಟಿದವನನ್ನು ಅತ್ತ ಎಳೆದು, ಇನ್ನೊಂದು ಕಡೆಯಿಂದ ಗೋಲಿನ ಹಿಂದೆ ಸುತ್ತಿ ಹೊರಬರುವವನನ್ನು ಕಂಡರೆ ನಾನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಅಂಕಿಅಂಶ ಅವರ ಆಕ್ಷೇಪಕ್ಕೂ ಇಲ್ಲಿಯೇ ಉತ್ತರಿಸುತ್ತೇನೆ. ಗೋಲುಗಳನ್ನು ಎಣಿಸುವವರಿಗೆ 17 ಪಂದ್ಯ ಬಹಳ ಕಡಿಮೆ, ಒಪ್ಪಿದೆ. ಏಳು ಗೋಲುಗಳಲ್ಲಿ ಎರಡು ಅದೃಷ್ಟದಿಂದ ಬಂದಿರಬಹುದು. ಆದರೆ ಇಪ್ಪತ್ತು ಇಪ್ಪತ್ತೈದು ನಿಮಿಷ ಆಡುವ ಡಿಫೆನ್ಸ್‌ಮನ್ ಒಂದೇ ಪಂದ್ಯದಲ್ಲಿ ಹೀಗೆ ಮೂಲೆಗೆ ಓಡುವ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ಗೋಲು ಅಪರೂಪದ ಘಟನೆ, ಪಕ್ ಹೆಕ್ಕುವುದು ದಿನನಿತ್ಯದ ಕೆಲಸ. ಆದ್ದರಿಂದ 17 ಪಂದ್ಯಗಳಲ್ಲಿ ನೋಡುವವನ ಕಣ್ಣಿಗೆ ಬೀಳುವ ಸಾಕ್ಷ್ಯ ನೀವು ಅಂದುಕೊಂಡಷ್ಟು ಸಣ್ಣದಲ್ಲ.

ಇದರ ಜೊತೆಗೆ ಇನ್ನೊಂದನ್ನು ನೋಡುತ್ತೇವೆ. ಎದುರಾಳಿ ಪಕ್ ಹಿಡಿದು ನುಗ್ಗಿ ಬರುವಾಗ ಹಿಮ್ಮುಖವಾಗಿ ಜಾರುತ್ತಿರುವ ಡಿಫೆನ್ಸ್‌ಮನ್ ತನ್ನ ಮತ್ತು ಅವನ ನಡುವೆ ಇಟ್ಟುಕೊಳ್ಳುವ ಅಂತರ. ಅದು ಹೆಚ್ಚಾದರೆ ನೀಲಿ ಗೆರೆಯನ್ನು ಬಿಟ್ಟುಕೊಟ್ಟಂತೆ, ಕಡಿಮೆಯಾದರೆ ಎದುರಾಳಿ ಪಕ್ಕದಿಂದ ದಾಟಿ ಹೋಗುತ್ತಾನೆ. ಕಾಲಿನ ಮೇಲೆ ನಂಬಿಕೆ ಇರುವವನು ಅಂತರ ಕಡಿಮೆ ಇಟ್ಟುಕೊಳ್ಳುವ ಧೈರ್ಯ ಮಾಡುತ್ತಾನೆ. ಶೇಫರ್‌ನಲ್ಲಿ ಎಲ್ಲರೂ ಮೊದಲು ಮೆಚ್ಚಿದ್ದು ಅವನ ಸ್ಕೇಟಿಂಗ್ ಅನ್ನು. ಆದರೆ ಆ ಸ್ಕೇಟಿಂಗ್ ಅಂದಕ್ಕಾಗಿ ಬೆಲೆಯುಳ್ಳದ್ದಲ್ಲ. ನೀಲಿ ಗೆರೆಯ ಮುಂದೆಯೇ ನಿಂತು ಎದುರಾಳಿಯನ್ನು ತಡೆದು, ಪಕ್ ಕಿತ್ತುಕೊಂಡು, ಎರಡೇ ಹೆಜ್ಜೆಯಲ್ಲಿ ದಿಕ್ಕು ಬದಲಿಸಿ ಮುಂದೆ ಹೊರಡಲು ಅವನಿಗೆ ಅದು ಅವಕಾಶ ಕೊಡುತ್ತದೆ.

ಸ್ವೀಡನ್, ಫಿನ್‌ಲೆಂಡ್ ಕಡೆಯ ಹುಡುಗರನ್ನು ನೋಡುವಾಗ ಅಂಗಣದ ಅಗಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎನ್‌ಎಚ್‌ಎಲ್ ಅಂಗಣ 85 ಅಡಿ ಅಗಲ, ಹಳೆಯ ಅಂತರರಾಷ್ಟ್ರೀಯ ಅಳತೆಯದು 30 ಮೀಟರ್, ಅಂದರೆ ಸುಮಾರು 98 ಅಡಿ. ಅಲ್ಲಿ ಸರಿ ಎನಿಸುವ ಅಂತರ ಇಲ್ಲಿ ಬೇರೆಯಾಗುತ್ತದೆ.

ಹ್ಯಾಮಿಲ್ಟನ್ ಅಮ್ಮ:

ನನ್ನ ಮಗನೂ ಇದೇ ಊರಿನಲ್ಲಿ ಆಡುತ್ತಾನೆ, ಆದ್ದರಿಂದ ಈ ಚರ್ಚೆಯನ್ನು ಮನಸ್ಸಿಟ್ಟು ಓದುತ್ತಿದ್ದೇನೆ. ನೀವೆಲ್ಲ ಕಾಲು, ಕಣ್ಣು, ಕೋಲುಗಳ ಬಗ್ಗೆ ಬರೆದಿದ್ದೀರಿ. ಡ್ರಾಫ್ಟ್‌ಗೆ ಮುನ್ನ ಬಫಲೋದಲ್ಲಿ ಪ್ರತಿ ವರ್ಷ ನಡೆಯುವ ಪರೀಕ್ಷಾ ಶಿಬಿರದಲ್ಲಿ ಹುಡುಗರನ್ನು ಐಸ್ ಮೇಲೆ ಇಳಿಸುವುದೇ ಇಲ್ಲ. ಸೈಕಲ್ ತುಳಿಸಿ ಉಸಿರಿನ ಶಕ್ತಿ ಅಳೆಯುತ್ತಾರೆ, ಜಿಗಿಸುತ್ತಾರೆ, ಕಂಬಿ ಹಿಡಿದು ಮೈಯೆತ್ತಿಸುತ್ತಾರೆ, ವೈದ್ಯರು ಕೀಲು ಕೀಲನ್ನೂ ಪರೀಕ್ಷಿಸುತ್ತಾರೆ. ಉಳಿದ ಸಮಯವೆಲ್ಲ ಒಂದೊಂದು ತಂಡದ ಮುಂದೆ ಕುಳಿತು ಮಾತಾಡುವುದು. ಹದಿನೇಳರ ಹುಡುಗನನ್ನು ಹಾಗೆ ಕೂರಿಸಿ ಪ್ರಶ್ನಿಸುವುದರಿಂದ ಏನು ತಿಳಿಯುತ್ತದೆ ಎಂಬುದರ ಬಗ್ಗೆ ನನಗೆ ಗೌರವವೂ ಇದೆ, ಭಯವೂ ಇದೆ.

ಶೇಫರ್ 2024ರ ಫೆಬ್ರವರಿಯಲ್ಲಿ ತಾಯಿಯನ್ನು ಕ್ಯಾನ್ಸರ್‌ನಿಂದ ಕಳೆದುಕೊಂಡ. ಡ್ರಾಫ್ಟ್ ದಿನ ತಂಡದ ಅಂಗಿಯ ಮೇಲೆ ತಾಯಿಯ ನೆನಪಿಗಾಗಿ ಹೊಲಿದಿದ್ದ ರಿಬ್ಬನ್ ಗುರುತನ್ನು ಅವನು ಮುತ್ತಿಟ್ಟದ್ದನ್ನು ಕಂಡು ನಾನು ಅತ್ತಿದ್ದೇನೆ. ಆದರೆ ಆ ದುಃಖವನ್ನು ಅವನ ಮನೋಬಲಕ್ಕೆ ಅಂಕ ಕೊಡುವ ಸಾಧನವಾಗಿ ಕೆಲವರು ಬರೆದದ್ದು ನನಗೆ ಸರಿ ಕಾಣಲಿಲ್ಲ. ಅವನ ಮನೋಬಲಕ್ಕೆ ಸಾಕ್ಷಿ ಬೇಕಿದ್ದರೆ ಐಸ್ ಮೇಲೆಯೇ ಇದೆ. ಒಂದು ತಪ್ಪು ಪಾಸ್‌ನಿಂದ ಗೋಲು ಬಿಟ್ಟುಕೊಟ್ಟ ಮೇಲೆ ಮುಂದಿನ ಶಿಫ್ಟ್‌ನಲ್ಲಿ, ಅಂದರೆ ಮತ್ತೆ ಐಸ್‌ಗೆ ಇಳಿದಾಗ, ಅದೇ ಪಾಸ್ ಅನ್ನು ಮತ್ತೆ ಕೊಡುವ ಧೈರ್ಯ ಹುಡುಗನಿಗಿದೆಯೇ, ಅಥವಾ ಹೆದರಿ ಪಕ್ ಅನ್ನು ಗಾಜಿನ ಗೋಡೆಗೆ ಹೊಡೆದು ಕೈತೊಳೆದುಕೊಳ್ಳುತ್ತಾನೆಯೇ? ನಾನು ಮಗನ ಪಂದ್ಯಗಳಲ್ಲಿ ಈಗ ಇದನ್ನೇ ನೋಡುತ್ತೇನೆ.

ಇನ್ನು ಗಾಯದ ಬಗ್ಗೆ ಒಂದು ಮಾತು. ನಾನು ಫಿಸಿಯೋಥೆರಪಿ ವೃತ್ತಿಯವಳು. ಕೊರಳೆಲುಬಿನ ಮುರಿತವನ್ನೂ ಮೊಣಕಾಲಿನ ಸ್ನಾಯುಬಂಧ ಹರಿಯುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೊರಳೆಲುಬು ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುತ್ತದೆ, ಸ್ಕೇಟಿಂಗ್‌ನ ಬಲವಿರುವುದು ಸೊಂಟ ಮತ್ತು ತೊಡೆಗಳಲ್ಲಿ.

ಅಂಕಿಅಂಶ:

ತರಬೇತುದಾರರ ಉತ್ತರ ನನ್ನನ್ನು ಅರ್ಧ ಒಪ್ಪಿಸಿತು. ಗೋಲು ಎಣಿಸುವ ಬದಲು ಪಕ್ ಹೆಕ್ಕುವುದನ್ನು ಎಣಿಸಿದರೆ ಸಾಕ್ಷ್ಯದ ರಾಶಿ ದೊಡ್ಡದಾಗುತ್ತದೆ ಎಂಬುದು ಸರಿಯಾದ ಮಾತು, ಅದನ್ನು ನಾನು ಗಮನಿಸಿರಲಿಲ್ಲ. ಅಮ್ಮನವರು ಮೊಣಕಾಲಿನ ಮಾತೆತ್ತಿದ್ದರಿಂದ ನನ್ನ ವಾದಕ್ಕೆ ವಿರುದ್ಧವಾದ ಒಂದು ಉದಾಹರಣೆಯನ್ನು ನಾನೇ ಹೇಳಬೇಕಾಗಿದೆ. ಮಾರ್ಗನ್ ರೈಲಿ ತನ್ನ ಡ್ರಾಫ್ಟ್ ವರ್ಷದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಮೂಸ್ ಜಾ ಎಂಬ ಜೂನಿಯರ್ ತಂಡದ ಪರ ಲೀಗ್ ಹಂತದಲ್ಲಿ ಆಡಿದ್ದು 18 ಪಂದ್ಯ ಮಾತ್ರ. ಟೊರಾಂಟೊ ಅವನನ್ನು ಐದನೆಯವನಾಗಿ ಆರಿಸಿತು. ಆ ಹತ್ತರ ಗುಂಪಿನಲ್ಲಿ ಅತಿ ಕಡಿಮೆ ಸಾಕ್ಷ್ಯವಿದ್ದವರಲ್ಲಿ ಒಬ್ಬನಾದ ಅವನೇ ಹತ್ತು ವರ್ಷ ಮೀರಿ ಅದೇ ತಂಡದಲ್ಲಿ ಉಳಿದ.

ಆದರೆ ರೈಲಿಯನ್ನು ಟೊರಾಂಟೊ ಕೂಡಲೇ ಆಡಿಸಲಿಲ್ಲ ಎಂಬುದನ್ನು ಗಮನಿಸಿ. ಇನ್ನೊಂದು ವರ್ಷ ಜೂನಿಯರ್ ಹಾಕಿಗೆ ಕಳುಹಿಸಿ 2013ರಲ್ಲಿ ಕರೆತಂದಿತು. ಮಿಸ್ಸಿಸಾಗದಲ್ಲಿ ಹುಟ್ಟಿದ ಓವನ್ ಪವರ್ 2021ರಲ್ಲಿ ಮೊದಲ ಆಯ್ಕೆಯಾದ ಮೇಲೂ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಮರಳಿದ, ಬಫಲೋ ತಂಡವನ್ನು ಸೇರಿದ್ದು 2022ರ ಏಪ್ರಿಲ್‌ನಲ್ಲಿ. ಕೇಲ್ ಮಕಾರ್ 2017ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾಗಿ ಎರಡು ವರ್ಷ ಮ್ಯಾಸಚೂಸೆಟ್ಸ್‌ನಲ್ಲಿ ಕಾಲೇಜು ಹಾಕಿ ಆಡಿದ. ಆದ್ದರಿಂದ ನೀಲಿಗೆರೆ ಅವರ ಮೊದಲ ಪ್ರಶ್ನೆಯಲ್ಲಿ ನಾನು ಸೋತೆ ಎಂದೇ ಇಟ್ಟುಕೊಂಡರೂ ಎರಡನೆಯದರಲ್ಲಿ ಬಿಡಲಾರೆ. ಜನವರಿಯಿಂದ ಒಂದೂ ಪಂದ್ಯ ಆಡದ ಹುಡುಗನನ್ನು ಅಕ್ಟೋಬರ್‌ನಲ್ಲಿ ನೇರವಾಗಿ ಎನ್‌ಎಚ್‌ಎಲ್‌ಗೆ ಇಳಿಸಿದ್ದು ಮೌಲ್ಯಮಾಪನವೋ, ಅವಸರವೋ?

ನೀಲಿಗೆರೆ:

ಈ ಎರಡನೆಯ ಪ್ರಶ್ನೆಗೆ ಉತ್ತರಿಸುವಾಗ ಹುಡುಗನನ್ನು ಮಾತ್ರ ನೋಡಿದರೆ ಸಾಲದು. ಅವನ ಮುಂದಿದ್ದ ಬಾಗಿಲುಗಳನ್ನೂ ನೋಡಬೇಕು. ಕೆನಡಾದ ಜೂನಿಯರ್ ಲೀಗ್‌ಗಳಿಂದ ಆಯ್ಕೆಯಾದ, 20 ತುಂಬದ ಹುಡುಗನನ್ನು ಎರಡನೇ ಹಂತದ ವೃತ್ತಿಪರ ಲೀಗ್ ಆದ ಎಎಚ್‌ಎಲ್‌ಗೆ ಕಳುಹಿಸಲು ಆಗಿನ ಒಪ್ಪಂದ ಅವಕಾಶ ಕೊಡುತ್ತಿರಲಿಲ್ಲ. ಒಂದೋ ಎನ್‌ಎಚ್‌ಎಲ್, ಇಲ್ಲವೇ ಮರಳಿ ಈರಿ. ಯುರೋಪಿನ ಹುಡುಗರಿಗೆ ಈ ಇಕ್ಕಟ್ಟಿಲ್ಲ. ರಾಸ್ಮಸ್ ಡಾಲಿನ್ 2018ರಲ್ಲಿ ಮೊದಲ ಆಯ್ಕೆಯಾಗುವ ಮುನ್ನವೇ ಸ್ವೀಡನ್‌ನ ಉನ್ನತ ಲೀಗ್‌ನಲ್ಲಿ ವಯಸ್ಕರ ಎದುರು ಆಡಿದ್ದ, ಮೊರಿಟ್ಜ್ ಸೈಡರ್ ಮ್ಯಾನ್‌ಹೈಮ್‌ನಲ್ಲಿ ಹಾಗೆಯೇ ಆಡಿದ್ದ. ಅವರ ಬಗ್ಗೆ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಮೊದಲೇ ಸಿಕ್ಕಿತ್ತು. ಶೇಫರ್‌ನ ವಿಷಯದಲ್ಲಿ ಅಂಥ ಸಾಕ್ಷ್ಯವೇ ಇರಲಿಲ್ಲ ಎಂಬ ನಿಮ್ಮ ಆತಂಕವನ್ನು ನಾನು ಒಪ್ಪುತ್ತೇನೆ.

ಆದರೆ ತಂಡದ ಕೈಯಲ್ಲಿ ಒಂದು ಸುರಕ್ಷಿತ ಅವಧಿ ಇತ್ತು. ಹದಿನೆಂಟರ ಆಟಗಾರನ ಮೂರು ವರ್ಷದ ಮೊದಲ ಒಪ್ಪಂದ, ಅವನು ಹತ್ತು ಎನ್‌ಎಚ್‌ಎಲ್ ಪಂದ್ಯ ಆಡದಿದ್ದರೆ, ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಅಂದರೆ ಒಂಬತ್ತು ಪಂದ್ಯ ಆಡಿಸಿ, ನೋಡಿ, ಒಪ್ಪಂದದ ವರ್ಷ ಕಳೆದುಕೊಳ್ಳದೆ ಹಿಂದಕ್ಕೆ ಕಳುಹಿಸಬಹುದು. ಅಂಕಿಅಂಶ ಅವರು ಕೇಳುವ ಮಾದರಿ ಪಂದ್ಯಗಳನ್ನು ನಿಯಮವೇ ಒದಗಿಸಿಕೊಟ್ಟಿತ್ತು.

ಇನ್ನೊಂದು, ಖಾಲಿ ಜಾಗ. ಡ್ರಾಫ್ಟ್ ನಡೆದ ದಿನವೇ ಐಲ್ಯಾಂಡರ್ಸ್ ತಂಡ ನೋವಾ ಡಾಬ್ಸನ್‌ನನ್ನು ಮಾಂಟ್ರಿಯಾಲ್‌ಗೆ ಬಿಟ್ಟುಕೊಟ್ಟು 16 ಮತ್ತು 17ನೇ ಆಯ್ಕೆಗಳನ್ನೂ ಎಮಿಲ್ ಹೈನೆಮನ್ ಎಂಬ ಆಟಗಾರನನ್ನೂ ಪಡೆಯಿತು. 2023–24ರಲ್ಲಿ ಗೋಲು, ನೆರವು ಸೇರಿ 70 ಅಂಕ ಗಳಿಸಿದ್ದ, ಪವರ್ ಪ್ಲೇಯನ್ನು (ದಂಡನೆಯಿಂದ ಎದುರಾಳಿಗಳ ಸಂಖ್ಯೆ ಕಡಿಮೆಯಿರುವಾಗಿನ ಆಟ) ನೀಲಿ ಗೆರೆಯಿಂದ ನಡೆಸುತ್ತಿದ್ದ ಡಿಫೆನ್ಸ್‌ಮನ್ ಹೋದ ಮೇಲೆ ಪಕ್ ಹೊತ್ತು ಮುಂದೆ ಸಾಗುವ ಡಿಫೆನ್ಸ್‌ಮನ್‌ನ ಜಾಗ ತೆರವಾಯಿತು. ಸಿದ್ಧತೆ ಎಂಬುದು ಆಟಗಾರನ ಗುಣದಷ್ಟೇ ತಂಡದ ಅಗತ್ಯವೂ ಹೌದು. ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಆಡಿದ ಮೊದಲ ಪಂದ್ಯದಲ್ಲಿಯೇ ಅವನಿಗೆ ಒಂದು ನೆರವಿನ ಅಂಕ ಸಿಕ್ಕಿತು, ಅದರ ಮುಂದಿನ ಪಂದ್ಯದಲ್ಲಿ ತವರಿನ ಜನರ ಮುಂದೆ ವಾಷಿಂಗ್ಟನ್ ವಿರುದ್ಧ ಮೊದಲ ಗೋಲು ಬಂತು. ಹತ್ತನೇ ಪಂದ್ಯ ಬಂದು ಹೋಯಿತು, ಅವನನ್ನು ಈರಿಗೆ ಕಳುಹಿಸುವ ಮಾತೇ ಏಳಲಿಲ್ಲ.

ಅಂಕಿಅಂಶ:

ಹಾಗಾದರೆ ಕೊನೆಯ ಪ್ರಶ್ನೆ. ಡಾಬ್ಸನ್ ತಂಡದಲ್ಲಿಯೇ ಉಳಿದಿದ್ದರೆ ನೀವು ಶೇಫರ್‌ನನ್ನು ಸಿದ್ಧ ಎನ್ನುತ್ತಿದ್ದಿರಾ?

ನೀಲಿಗೆರೆ:

ಮೊದಲ ಆಯ್ಕೆಗೆ ಯೋಗ್ಯ ಎಂದು ಖಂಡಿತ ಹೇಳುತ್ತಿದ್ದೆ. ಅಕ್ಟೋಬರ್‌ಗೆ ಸಿದ್ಧ ಎಂದು ಹೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಡಾಬ್ಸನ್ ಹೋದ ಮೇಲೂ ನಾನು ಹಾಗೆ ಹೇಳಿರಲಿಲ್ಲ. ಜುಲೈನಲ್ಲಿ ನನ್ನ ಟಿಪ್ಪಣಿ ಪುಸ್ತಕದಲ್ಲಿ, ಇವನು ಇನ್ನೊಂದು ವರ್ಷ ಈರಿಯಲ್ಲಿ ಆಡಬೇಕು ಎಂದು ಬರೆದುಕೊಂಡಿದ್ದೇನೆ. ಆಟವಿಲ್ಲದೆ ಕಳೆದ ತಿಂಗಳುಗಳನ್ನು ಎಣಿಸಿ ಹಾಗೆ ಬರೆದೆ. ಅದಕ್ಕಿಂತ ಮೇಲಿನ ಪುಟದಲ್ಲಿ, ಹಿಂದಿನ ನವೆಂಬರ್‌ನಲ್ಲಿ ಅವನ ಪಂದ್ಯವೊಂದನ್ನು ನೋಡಿ ಬರೆದ ಸಾಲು ಇದೆ: ‘ಮೂಲೆಗೆ ಹೋಗುವ ಮೊದಲು ಎರಡು ಸಲ ನೋಡುತ್ತಾನೆ, ಎಡಕ್ಕೆ ಬಾಗಿ ಬಲಕ್ಕೆ ಹೊರಡುತ್ತಾನೆ.’ ಎಲುಬು ಮುರಿದರೂ ಆ ಅಭ್ಯಾಸ ಎಲ್ಲಿಗೂ ಹೋಗುವಂಥದ್ದಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ವಿರಾಜಪೇಟೆ ಬ್ಯಾಕ್:

ತರಬೇತುದಾರರು ಹೇಳಿದಂತೆ ನಿನ್ನೆ ರಾತ್ರಿ ಒಂದು ಪಂದ್ಯವನ್ನು ಪಕ್ ಬಿಟ್ಟು, ಡಿಫೆನ್ಸ್‌ಮನ್‌ಗಳ ತಲೆಯನ್ನೇ ನೋಡುತ್ತ ಕುಳಿತೆ. ಮೊದಲ ಹತ್ತು ನಿಮಿಷ ಏನೂ ತಿಳಿಯಲಿಲ್ಲ, ಆಮೇಲೆ ಯಾರು ನೋಡಿ ಹೋಗುತ್ತಾರೆ, ಯಾರು ನೋಡದೆ ಹೋಗುತ್ತಾರೆ ಎಂಬುದು ನಿಚ್ಚಳವಾಗಿ ಕಾಣತೊಡಗಿತು. ಬರುವ ಭಾನುವಾರ ನಮ್ಮೂರಿನ ಮೈದಾನದಲ್ಲಿ ಹದಿನಾರರ ಒಳಗಿನ ಹುಡುಗರ ಆಯ್ಕೆ ಇದೆ. ಚೆಂಡು ಬರುವ ಮೊದಲು ಬ್ಯಾಕ್‌ಗಳು ಎಷ್ಟು ಸಲ ಹಿಂದಿರುಗಿ ನೋಡುತ್ತಾರೆ ಎಂದು ಬರೆದುಕೊಳ್ಳಲು ಒಂದು ಹಾಳೆ ಗೆರೆ ಹಾಕಿ ಇಟ್ಟಿದ್ದೇನೆ.